ಮೊದಲು ಉದ್ರಿ ತೀರಿಸಿ, ಆಮೇಲೆ ಸುವಾರ್ತೆ

ತಾವರಗೇರಾದ ಬಜಾರದಲ್ಲಿ ಒಂದು ಕಿರಾಣಿ ಅಂಗಡಿ ಎಂದುಕೊಳ್ಳಿ. ಭಾನುವಾರ ಮಧ್ಯಾಹ್ನ. ಆರಾಧನೆ ಮುಗಿಸಿ ಬೈಬಲ್ ಹಿಡಿದು ಬಂದ ಹುಡುಗನೊಬ್ಬ ಅಂಗಡಿ ಕಾಕಾನ ಜೊತೆ ಮಾತಿಗೆ ನಿಲ್ಲುತ್ತಾನೆ. ಯೇಸುಸ್ವಾಮಿ ತನ್ನ ಬದುಕನ್ನು ಹೇಗೆ ತಿರುಗಿಸಿದರು ಎಂದು ಹೇಳಬೇಕೆಂಬ ಆಸೆ ಅವನದು. ನಾಲ್ಕು ಮಾತು ಆಗುವಷ್ಟರಲ್ಲಿ ಕಾಕಾ ಗಲ್ಲಾದ ಪಕ್ಕದಿಂದ ಉದ್ರಿ ಪುಸ್ತಕ ಎಳೆದು ಪುಟ ತಿರುವುತ್ತಾರೆ.

“ತಮ್ಮಾ, ನಿಮ್ಮ ಯೇಸುಸ್ವಾಮಿ ದೊಡ್ಡಾವ, ನಾ ಇಲ್ಲ ಅನ್ನಂಗಿಲ್ಲ. ಆದ್ರ ಯುಗಾದಿಯಿಂದ ನಿಮ್ಮ ಮನಿ ಬಾಕಿ ಇಲ್ಲೇ ಕುಂತೈತಿ. ಅದಕ್ಕೇನ್ ಅಂತಾನ ನಿಮ್ಮ ದೇವ್ರು?”

ಹುಡುಗನ ಮುಖ ಕೆಂಪಾಗುತ್ತದೆ. ಈಗ ಏನು ಹೇಳಬೇಕು? ಇದು ಯಾರೋ ಒಬ್ಬರ ಕತೆಯಲ್ಲ. ನಂಬಿಕೆಯ ಬಗ್ಗೆ ನಾಲ್ಕು ಜನರ ಮುಂದೆ ಬಾಯಿ ತೆರೆದ ಪ್ರತಿಯೊಬ್ಬ ಕ್ರೈಸ್ತನೂ ಒಂದಲ್ಲ ಒಂದು ದಿನ ಇಂಥ ಅಂಗಡಿಯ ಮುಂದೆ ನಿಂತಿರುತ್ತಾನೆ. ಕೇಳುವ ಪ್ರಶ್ನೆ ಬೇರೆ ಬೇರೆ, ಒಳಗಿನ ಆರೋಪ ಒಂದೇ: ಹೇಳೋದು ಪುರಾಣ, ತಿನ್ನೋದು ಬದನೆಕಾಯಿ.

ಈ ಆರೋಪಕ್ಕೆ ಉತ್ತರ ಕೊಡುವ ಬಗೆಯನ್ನು ಹಂತ ಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ. ನಾನು ಹೇಳಬೇಕಾದದ್ದು ಮೂಲತಃ ಒಂದೇ ಮಾತು. ಕಪಟದ ಆರೋಪ ವಾದದಿಂದ ತೀರುವುದಿಲ್ಲ, ಲೆಕ್ಕ ಚುಕ್ತಾ ಮಾಡಿದಾಗ ತೀರುತ್ತದೆ.

ನಮ್ಮಲ್ಲಿ ಈ ಮಾತು ಯಾಕೆ ಬೇಗ ಬರುತ್ತದೆ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರ ಪ್ರಮಾಣ ಶೇ 1.87. ತಾವರಗೇರಾ ಇರುವ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಅದಕ್ಕಿಂತಲೂ ತೀರಾ ಕಡಿಮೆ. ಪಕ್ಕದ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ರೈಸ್ತರಿದ್ದಾರೆ, ಚರ್ಚ್ ಇದೆ. ಬಳ್ಳಾರಿಗೆ 1810ರಲ್ಲಿ ಬಂದ ಜಾನ್ ಹ್ಯಾಂಡ್ಸ್ ಕನ್ನಡಕ್ಕೆ ಬೈಬಲ್ ತಂದವರು. ಗದಗ ಪಕ್ಕದ ಬೆಟಗೇರಿಯಲ್ಲಿ ಬಾಸೆಲ್ ಮಿಷನ್ 1841ರಲ್ಲಿ ನೆಲೆ ಮಾಡಿತು. ಹೀಗೆ ಸುತ್ತಮುತ್ತ ಹಳೆಯ ಬೇರುಗಳಿದ್ದರೂ ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಕ್ರೈಸ್ತ ಮನೆ ಎಂದರೆ ಒಂದೋ ಎರಡೋ.

ಇದರ ಅರ್ಥವೇನು? ಬೈಬಲನ್ನು ಎಂದೂ ತೆರೆಯದ ಊರು ನಿಮ್ಮ ಮನೆಯನ್ನೇ ಬೈಬಲ್ ಎಂದು ಓದುತ್ತದೆ. ನೀವು ಕೂಲಿಯವರಿಗೆ ಯಾವಾಗ ಬಟವಾಡೆ ಮಾಡುತ್ತೀರಿ, ಹೊಲದ ಬದುವಿನ ಜಗಳದಲ್ಲಿ ಹೇಗೆ ಮಾತಾಡುತ್ತೀರಿ, ಸೊಸೆಯನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬುದೆಲ್ಲ ಓದುವವರಿಗೆ ಅಧ್ಯಾಯ, ವಚನವೇ.

ಇನ್ನೊಂದು ಕಾರಣವೂ ಇದೆ. ನುಡಿಯೂ ನಡೆಯೂ ಒಂದಾಗಬೇಕು ಎಂಬ ಅಳತೆಗೋಲು ಈ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಅದನ್ನೇ ಭಕ್ತಿಯ ಒರೆಗಲ್ಲು ಮಾಡಿದರು. ದಾಸರು ತೋರಿಕೆಯ ಭಕ್ತಿಯನ್ನು ಬಯಲಿಗೆಳೆದರು. ಆದ್ದರಿಂದ ಅಂಗಡಿ ಕಾಕಾ ಕೇಳಿದ ಪ್ರಶ್ನೆಯನ್ನು ಕ್ರೈಸ್ತದ್ವೇಷ ಎಂದು ತಿಳಿಯಬೇಡಿ. ಅವರು ಎಲ್ಲರನ್ನೂ ಅಳೆಯುವ ಕೋಲಿನಿಂದಲೇ ನಿಮ್ಮನ್ನೂ ಅಳೆದಿದ್ದಾರೆ.

ಸೋತವನು ಬೇರೆ, ವೇಷ ಹಾಕಿದವನು ಬೇರೆ

ಉತ್ತರ ಕೊಡುವ ಮೊದಲು ಒಂದು ಪದದ ಅರ್ಥ ಸ್ಪಷ್ಟವಾಗಲಿ. ಸುವಾರ್ತೆಗಳಲ್ಲಿ ‘ಕಪಟಿ’ ಎಂದು ಅನುವಾದವಾಗಿರುವ ಗ್ರೀಕ್ ಪದ ‘ಹುಪೊಕ್ರಿತೆಸ್’. ಮೂಲದಲ್ಲಿ ಅದು ರಂಗದ ಮೇಲಿನ ನಟನ ಹೆಸರು. ದೊಡ್ಡಾಟ ನೋಡಿದ ನಮ್ಮ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣ ಹಚ್ಚಿ, ಕಿರೀಟ ಇಟ್ಟು ಕುಣಿದವನಿಂದ ಯಾರಿಗೂ ಮೋಸವಿಲ್ಲ. ಬೆಳಗಾದರೆ ಬಣ್ಣ ತೊಳೆದು ಹೊಲಕ್ಕೆ ಹೋಗುತ್ತಾನೆ. ಆಟ ಮುಗಿದ ಮೇಲೂ ಬಣ್ಣ ತೊಳೆಯದೆ, ನಾನೇ ಅರ್ಜುನ ಎಂದು ಊರೊಳಗೆ ತಿರುಗಿದರೆ ಅದು ಕಪಟ.

ಹಾಗಾಗಿ ತಪ್ಪು ಮಾಡಿದವನೆಲ್ಲ ಕಪಟಿಯಲ್ಲ. ಕುಡಿತ ಬಿಟ್ಟೆ ಎಂದವನು ಒಂದು ಸಂಜೆ ಜಾರಿದರೆ, ಮರುದಿನ ಹೆಂಡತಿಯ ಮುಂದೆ, ಸಭೆಯ ಹಿರಿಯರ ಮುಂದೆ ಅದನ್ನು ಒಪ್ಪಿಕೊಂಡರೆ, ಅವನು ಸೋತವನು. ಅದೇ ಮನುಷ್ಯ ಬಾಯಿಗೆ ಏಲಕ್ಕಿ ಹಾಕಿಕೊಂಡು ಬಂದು, ಕುಡುಕರ ಮೇಲೆ ಪ್ರಸಂಗ ಮಾಡಿದರೆ ಅವನು ವೇಷಧಾರಿ. ನಮ್ಮ ನಂಬಿಕೆ ಪರಿಪೂರ್ಣರ ಸಂಘವಲ್ಲ. ರೋಗಿಗಳಿಗಾಗಿ ಬಂದ ವೈದ್ಯನ ಸುತ್ತ ಸೇರಿದವರು ನಾವು. ರೋಗ ಇದೆ ಎಂದು ಒಪ್ಪುವುದು ನಾಚಿಕೆಯಲ್ಲ, ಇಲ್ಲ ಎಂದು ನಟಿಸುವುದು ನಾಚಿಕೆ.

ಇನ್ನೊಂದು ಸಂಗತಿ ನೆನಪಿರಲಿ. ಕಪಟವನ್ನು ಯೇಸುಸ್ವಾಮಿಯಷ್ಟು ಕಟುವಾಗಿ ಖಂಡಿಸಿದವರು ಕಡಿಮೆ. ಮತ್ತಾಯನ ಸುವಾರ್ತೆಯ 23ನೆಯ ಅಧ್ಯಾಯವನ್ನು ಒಮ್ಮೆ ಕುಳಿತು ಓದಿ. ಅಲ್ಲಿ ಬೈಗುಳ ಬಿದ್ದದ್ದು ಕಳ್ಳರಿಗಲ್ಲ, ಕುಡುಕರಿಗಲ್ಲ. ಹೊರಗೆ ಸುಣ್ಣ ಬಳಿದು ಒಳಗೆ ಕೊಳೆತ ಗೋರಿಗಳಂತಿದ್ದ ಧರ್ಮಗುರುಗಳಿಗೆ. ಆದ್ದರಿಂದ ಯಾರಾದರೂ ನಿಮ್ಮನ್ನು ಢೋಂಗಿ ಎಂದಾಗ ಅವರು ನಿಮ್ಮ ಗುರುವಿನ ಎದುರು ನಿಂತಿಲ್ಲ. ಅಷ್ಟರ ಮಟ್ಟಿಗೆ ಅವರದ್ದು ನಿಮ್ಮ ಗುರುವಿನ ಪಕ್ಷವೇ.

ಕೇಳಿ, ಒಪ್ಪಿ, ತೀರಿಸಿ, ಆಮೇಲೆ ಹೇಳಿ

*ಕೇಳಿ.* ಮಾತು ಪೂರ್ತಿಯಾಗಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಅವಸರ ಬೇಡ. ಬಹಳ ಸಲ ಮೇಲಿನ ಮಾತು ಒಂದು, ಒಳಗಿನ ಗಾಯ ಇನ್ನೊಂದು. ‘ಕ್ರೈಸ್ತರೆಲ್ಲ ಮೋಸಗಾರರು’ ಎಂದವರ ಹಿಂದೆ ಒಬ್ಬ ಕ್ರೈಸ್ತ ಕೈಗಡ ತೆಗೆದುಕೊಂಡು ಓಡಿಹೋದ ಕತೆ ಇರಬಹುದು. “ನಿಮಗ ಹಂಗ್ಯಾಕ ಅನಿಸ್ತು ಅಣ್ಣಾ, ಏನಾತು ಹೇಳ್ರಿ” ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಕನ್ನಡಕ್ಕೆ 1894ರಲ್ಲಿ ದೊಡ್ಡ ನಿಘಂಟು ಕೊಟ್ಟ ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಸುವಾರ್ತೆ ಸಾರಲೆಂದೇ ಬಂದವರು. ಆದರೆ ಇಂದು ಕನ್ನಡಿಗರು ಅವರನ್ನು ಗೌರವದಿಂದ ನೆನೆಯುವುದು ಈ ನಾಡಿನ ಮಾತುಗಳನ್ನು, ಗಾದೆಗಳನ್ನು ದಶಕಗಳ ಕಾಲ ಕಿವಿಗೊಟ್ಟು ಸಂಗ್ರಹಿಸಿದ್ದಕ್ಕೆ.

*ಒಪ್ಪಿ.* ಹೇಳಿದ್ದರಲ್ಲಿ ನಿಜ ಇರುವಷ್ಟನ್ನು ಒಪ್ಪಿ, ‘ಆದರೆ’ ಸೇರಿಸದೆ ಒಪ್ಪಿ. “ಹೌದು ಕಾಕಾ, ಬಾಕಿ ಐತಿ. ತಪ್ಪು ನಮ್ದು.” ಇಲ್ಲಿಗೆ ನಿಲ್ಲಿಸಿ. ‘ಆದ್ರ ಈ ವರ್ಷ ಮಳಿ ಇಲ್ಲ, ಸಜ್ಜಿ ಹೋತು’ ಎಂದು ಮುಂದುವರಿಸಿದರೆ ಒಪ್ಪಿಗೆಯ ಬೆಲೆ ಅರ್ಧಕ್ಕೆ ಇಳಿಯಿತು. ಊರೀಯನ ಹೆಂಡತಿಯ ವಿಷಯದಲ್ಲಿ ಪ್ರವಾದಿ ನಾತಾನನು ದಾವೀದ ರಾಜನ ಮುಖಕ್ಕೆ ಬೆರಳು ತೋರಿಸಿದಾಗ ರಾಜ ಕಾರಣ ಕೊಡಲಿಲ್ಲ, ಪಾಪ ಮಾಡಿದೆ ಎಂದ. ನೆಪವಿಲ್ಲದ ಆ ಒಪ್ಪಿಗೆಯೇ ಅವನನ್ನು ಅವನ ಹಿಂದಿನ ಅರಸ ಸೌಲನಿಂದ ಬೇರೆ ಮಾಡುತ್ತದೆ.

*ತೀರಿಸಿ.* ಇದನ್ನು ನಾವು ಹೆಚ್ಚಾಗಿ ಬಿಟ್ಟುಬಿಡುತ್ತೇವೆ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದ ಜಕ್ಕಾಯ ಸುಂಕದವರ ಮುಖ್ಯಸ್ಥ, ಜನರ ಕಣ್ಣಿಗೆ ಸುಲಿಗೆಗಾರ. ಯೇಸುಸ್ವಾಮಿ ಅವನ ಮನೆಗೆ ಬಂದಾಗ ಅವನು ಹಾಡು ಹಾಡಲಿಲ್ಲ, ಸಾಕ್ಷಿ ಹೇಳಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕು ಪಟ್ಟು ಎಂದು ಲೆಕ್ಕ ಹೇಳಿದ. ರಕ್ಷಣೆ ಆ ಮನೆಗೆ ಬಂತು ಎಂದು ಯೇಸುಸ್ವಾಮಿ ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ. ಬಾಕಿ ಪೂರ್ತಿ ಕೊಡಲಾಗದಿದ್ದರೆ ದಿನ ಹೇಳಿ, ಕಂತು ಹೇಳಿ, ಬರೆದುಕೊಡಿ. ಕೊಟ್ಟ ದಿನಕ್ಕೆ ನಡೆದು ಬನ್ನಿ. ಬಾಕಿ ಹಣವಲ್ಲದೆ ಮಾತಾಗಿದ್ದರೆ, ಎಲ್ಲರ ಮುಂದೆ ಬೈದಿದ್ದರೆ, ಕ್ಷಮೆಯನ್ನೂ ಅದೇ ಎಲ್ಲರ ಮುಂದೆ ಕೇಳಿ.

*ಆಮೇಲೆ ಹೇಳಿ.* ಲೆಕ್ಕ ತೀರಿದ ಮೇಲೆ ಅವರೇ ಕೇಳುತ್ತಾರೆ, ಕೇಳದಿದ್ದರೆ ಒಂದೇ ಮಾತು ಸಾಕು: “ಕಾಕಾ, ನಾನೇನ್ ದೊಡ್ಡ ಮನುಷ್ಯಾ ಅಲ್ಲ. ನನ್ನ ತಪ್ಪು ಮುಚ್ಚಿಡಬ್ಯಾಡ ಅಂತ ಹೇಳಿದಾವ ಯೇಸು. ಅದಕ್ಕ ಬಂದೆ.” ಪೇತ್ರನ ಮೊದಲನೆಯ ಪತ್ರದ 3ನೆಯ ಅಧ್ಯಾಯ, ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಸಿದ್ಧರಾಗಿರಬೇಕು, ಆದರೆ ಸಾತ್ವಿಕತೆಯಿಂದ, ಗೌರವದಿಂದ, ಶುದ್ಧ ಮನಸ್ಸಾಕ್ಷಿಯಿಂದ ಕೊಡಬೇಕು ಎನ್ನುತ್ತದೆ. ಸಿದ್ಧತೆಯ ಬಗ್ಗೆ ನಾವು ಬಹಳ ಪಾಠ ಕೇಳಿದ್ದೇವೆ, ಮನಸ್ಸಾಕ್ಷಿಯ ಬಗ್ಗೆ ಕಡಿಮೆ.

ಬಾಯಿಗೆ ಬರಬಾರದ ನಾಲ್ಕು ಮಾತು

ಆರೋಪ ಬಂದ ಕೂಡಲೇ ನಮ್ಮ ಬಾಯಿಗೆ ತಾನಾಗಿ ಬರುವ ಮಾತುಗಳಿವು. ನಾಲ್ಕೂ ಬಾಗಿಲು ಮುಚ್ಚುತ್ತವೆ.

‘ನೀವೇನು ಕಮ್ಮಿನಾ?’ ತಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವವರ ಗಾದೆ ನಮಗೆ ಗೊತ್ತು. ಕಣ್ಣಿನ ತೊಲೆ ಮತ್ತು ರವೆಯ ಮಾತಿನಲ್ಲಿ ಯೇಸುಸ್ವಾಮಿ ಹೇಳಿದ್ದೂ ಅದನ್ನೇ. ಎದುರಿನವರ ಮಠ, ಮಸೀದಿ, ಗುಡಿಗಳ ಹುಳುಕು ತೆಗೆದರೆ ನಿಮ್ಮ ಹುಳುಕು ಮಾಯವಾಗುವುದಿಲ್ಲ.

‘ಅವರು ನಿಜವಾದ ಕ್ರೈಸ್ತರೇ ಅಲ್ಲ.’ ನಿನ್ನೆಯವರೆಗೆ ಅವರ ಜೊತೆ ಕರ್ತನ ಭೋಜನಕ್ಕೆ ಕುಳಿತವರು ಇಂದು ಹೀಗೆಂದರೆ ಕೇಳುವವರು ನಂಬುವುದಿಲ್ಲ. ‘ಅವರು ನಮ್ಮವರೇ, ಮಾಡಿದ್ದು ತಪ್ಪು’ ಎನ್ನುವುದು ಪ್ರಾಮಾಣಿಕ.

‘ಮನುಷ್ಯರನ್ನು ನೋಡಬೇಡಿ, ದೇವರನ್ನು ನೋಡಿ.’ ನಮ್ಮ ಸಭೆಗಳಲ್ಲಿ ಹೆಚ್ಚು ಬಳಕೆಯಾಗುವ ಮಾತು ಇದೇ. ಆದರೆ ತನ್ನ ಶಿಷ್ಯರನ್ನು ಲೋಕಕ್ಕೆ ಬೆಳಕು ಎಂದವರು ಯೇಸುಸ್ವಾಮಿ. ದೀಪ ನೋಡಬೇಡಿ ಎಂದು ದೀಪವೇ ಹೇಳಿದರೆ ಹೇಗೆ?

‘ಇದೆಲ್ಲ ಸೈತಾನನ ಕೆಲಸ.’ ನಿಜ ಹೇಳಿದ ನೆರೆಯವರನ್ನು ಸೈತಾನನ ಪಾಳೆಯಕ್ಕೆ ಸೇರಿಸುವುದು ಅವರಿಗೂ ಅವಮಾನ, ಸತ್ಯಕ್ಕೂ ಅವಮಾನ.

ಹೆಚ್ಚಾಗಿ ಕೇಳಿಬರುವ ಆರೋಪಗಳು

*‘ಜಾತಿ ಇಲ್ಲ ಅಂತೀರಿ, ನಿಮ್ಮಲ್ಲೂ ಐತಲ್ಲ?’* ಇದು ಎಲ್ಲಕ್ಕಿಂತ ಭಾರವಾದ ಪ್ರಶ್ನೆ, ನಮ್ಮ ಜಿಲ್ಲೆಯಲ್ಲಂತೂ ಪುಸ್ತಕದ ಪ್ರಶ್ನೆಯಲ್ಲ. 2021ರ ಸೆಪ್ಟೆಂಬರಿನಲ್ಲಿ ಇದೇ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗು ಗುಡಿಯೊಳಗೆ ಓಡಿತೆಂದು ದಂಡ ಕೇಳಿದ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ನಡೆದ ದಲಿತರ ಮೇಲಿನ ದೌರ್ಜನ್ಯಕ್ಕೆ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇಂಥ ನೆಲದಲ್ಲಿ ನಿಂತು ‘ಕ್ರಿಸ್ತನಲ್ಲಿ ಎಲ್ಲರೂ ಒಂದೇ’ ಎನ್ನುವವರ ಮನೆಯ ಮದುವೆ ಸಂಬಂಧಗಳನ್ನು ಜನ ನೋಡಿಯೇ ನೋಡುತ್ತಾರೆ.

ಇಲ್ಲ ಎಂದು ಸಾಧಿಸಬೇಡಿ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಚರ್ಚಿನೊಳಗೆ ದಲಿತರ ವಿರುದ್ಧ ತಾರತಮ್ಯ ಇದೆ ಎಂದು ಒಪ್ಪಿಕೊಂಡಿದೆ. ಮಂಡಳಿ ಒಪ್ಪಿದ್ದನ್ನು ನಾವು ಚಹಾದ ಅಂಗಡಿಯಲ್ಲಿ ಅಲ್ಲಗಳೆಯುವುದರಲ್ಲಿ ಅರ್ಥವಿಲ್ಲ.

ಈ ಪ್ರಶ್ನೆಗೆ ಬೈಬಲಿನಲ್ಲೇ ಒಂದು ಘಟನೆ ಇದೆ. ಅಂತಿಯೋಕ್ಯದಲ್ಲಿ ಪೇತ್ರ ಯೆಹೂದ್ಯರಲ್ಲದವರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ. ಯೆರೂಸಲೇಮಿನಿಂದ ಕೆಲವರು ಬಂದ ಕೂಡಲೇ ಹೆದರಿ ಎದ್ದು ಬೇರೆ ಕುಳಿತ. ಬಾರ್ನಬನಂಥವನೂ ಅವನ ಹಿಂದೆ ಹೋದ. ಪೌಲ ಇದನ್ನು ಎಲ್ಲರೆದುರೇ ಖಂಡಿಸಿದ, ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಅದಕ್ಕೆ ಕಪಟ ಎಂದೇ ಹೆಸರಿಟ್ಟ. ಅಂದರೆ ಪಂಕ್ತಿಭೇದವನ್ನು ಕಪಟ ಎಂದು ಮೊದಲು ಕರೆದವರು ನಮ್ಮ ಟೀಕಾಕಾರರಲ್ಲ, ನಮ್ಮದೇ ಅಪೊಸ್ತಲರು. ಹೀಗೆ ಹೇಳಿ: “ಹೌದು ಅಣ್ಣಾ, ನಮ್ಮಲ್ಲೂ ಐತಿ. ನಮ್ಮ ಪುಸ್ತಕನ ಇದನ್ನ ಪಾಪ ಅಂತೈತಿ. ನಮ್ಮನಿಯೊಳಗ ಇದನ್ನ ಬಿಡಾಕ ನಾನು ಸುರು ಮಾಡೇನಿ.” ಕೊನೆಯ ವಾಕ್ಯ ನಿಜವಾಗಿದ್ದರೆ ಮಾತ್ರ ಹೇಳಿ. ನಿಜವಲ್ಲದಿದ್ದರೆ ಇಂದೇ ಯಾರ ಮನೆಯಲ್ಲಿ ನೀವು ಈವರೆಗೆ ಉಂಡಿಲ್ಲವೋ ಅವರ ಮನೆಯ ಊಟದಿಂದ ಸುರು ಮಾಡಿ.

*‘ಭಾನುವಾರ ಚರ್ಚಿಗೆ, ಸರ್ಟಿಫಿಕೇಟಿನಲ್ಲಿ ಬೇರೆ?’* ಇದು ಹೊಟ್ಟೆಪಾಡಿನ, ಭಯದ, ನೋವಿನ ವಿಷಯ. ಕೇಳಿದವರ ಮೇಲೆ ಸಿಟ್ಟಾಗುವ ಮೊದಲು ಕಾನೂನು ತಿಳಿದಿರಲಿ. 1950ರ ಪರಿಶಿಷ್ಟ ಜಾತಿಗಳ ರಾಷ್ಟ್ರಪತಿ ಆದೇಶದ ಪ್ರಕಾರ ಆ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಸಿಗುತ್ತದೆ. ಕ್ರೈಸ್ತರಾದವರಿಗೆ ಸಿಗುವುದಿಲ್ಲ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಷರತ್ತು ಇಲ್ಲ. 2024ರ ನವೆಂಬರ್ 26ರಂದು ಸೆಲ್ವರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ರೈಸ್ತ ನಂಬಿಕೆಯನ್ನು ಪಾಲಿಸುತ್ತಲೇ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದನ್ನು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು.

ದೀಕ್ಷಾಸ್ನಾನ ತೆಗೆದುಕೊಂಡರೂ ಶೋಷಣೆ ಬಿಟ್ಟುಹೋಗುವುದಿಲ್ಲ, ಸೌಲಭ್ಯ ಮಾತ್ರ ಬಿಟ್ಟುಹೋಗುತ್ತದೆ ಎಂಬ ದಲಿತ ಕ್ರೈಸ್ತರ ಅಳಲು ಸುಳ್ಳಲ್ಲ. ಇಂಥವರಿಗೆ ಆ ಸ್ಥಾನ ಕೊಡಬೇಕೇ ಎಂದು ಪರಿಶೀಲಿಸಲು ಕೇಂದ್ರ ಸರ್ಕಾರ 2022ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಆ ಹಕ್ಕನ್ನು ಬಹಿರಂಗವಾಗಿ ಕೇಳೋಣ. ಆದರೆ ಅರ್ಜಿಯಲ್ಲಿ ಸುಳ್ಳು ಬರೆದು ಸುವಾರ್ತೆಯಲ್ಲಿ ಸತ್ಯ ಹೇಳಲಾಗದು. ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ನಿಮ್ಮ ಕುಟುಂಬ ಯಾವ ಪ್ರವರ್ಗಕ್ಕೆ ಬರುತ್ತದೆ ಎಂದು ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಸಿಗಬೇಕಾದದ್ದನ್ನು ನೇರ ದಾರಿಯಲ್ಲಿ ಪಡೆಯಿರಿ. ಸಭೆಯವರಿಗೂ ಒಂದು ಮಾತು: ದೀಕ್ಷಾಸ್ನಾನಕ್ಕೆ ಮೊದಲೇ ಇದರ ಫಲಾಫಲವನ್ನು ಬಿಡಿಸಿ ಹೇಳಿ. ಹೇಳದೆ ನೀರಿಗಿಳಿಸಿ, ಆಮೇಲೆ ಒಬ್ಬಂಟಿ ಬಿಡುವುದು ಅನ್ಯಾಯ.

*‘ಪ್ರಾರ್ಥನೆಗೆ ರೋಗ ಹೋಗ್ತೈತಿ ಅಂತೀರಿ, ನೀವ್ಯಾಕ ಗಂಗಾವತಿ ದವಾಖಾನಿಗೆ ಹೋದ್ರಿ?’* ಇಲ್ಲಿ ತಪ್ಪು ದವಾಖಾನೆಗೆ ಹೋದದ್ದಲ್ಲ, ಮೊದಲು ಕೊಟ್ಟ ಭರವಸೆ. ಲೂಕ ಸ್ವತಃ ವೈದ್ಯ. ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ಆಸ್ಪತ್ರೆ ಕಟ್ಟಿದ್ದೂ ಪ್ರಾರ್ಥಿಸುವ ಜನವೇ. “ನಾವು ದೇವರ ಹತ್ರ ಕೇಳ್ತೀವಿ, ಡಾಕ್ಟರ್ ಹತ್ರನೂ ಹೋಗ್ತೀವಿ. ಎರಡೂ ದೇವರ ದಯಾನ” ಎನ್ನುವುದು ಸಾಕು. ಸಕ್ಕರೆ ಕಾಯಿಲೆ, ಟಿ.ಬಿ., ಮೂರ್ಛೆ, ಮಾನಸಿಕ ಕಾಯಿಲೆಯ ಮಾತ್ರೆ ನಿಲ್ಲಿಸಿ ಎಂದು ಯಾರಿಗೂ ಎಂದೂ ಹೇಳಬೇಡಿ. ಹಾಗೆ ಹೇಳಿದ ಬೋಧಕರು ನಿಮ್ಮಲ್ಲಿದ್ದರೆ ಅವರನ್ನು ಸಭೆಯೇ ತಡೆಯಬೇಕು.

*‘ಕಾಣಿಕಿ ದುಡ್ಡು ಎಲ್ಲಿ ಹೋತು?’* ಪೌಲ ಯೆರೂಸಲೇಮಿನ ಬಡವರಿಗೆಂದು ಹಣ ಕೂಡಿಸಿದಾಗ ಒಬ್ಬನೇ ಹೊತ್ತೊಯ್ಯಲಿಲ್ಲ. ಸಭೆಗಳು ಆರಿಸಿದ ಜನರನ್ನು ಜೊತೆಗೆ ಕರೆದುಕೊಂಡ, ಯಾರೂ ಬೆರಳು ತೋರಿಸದಂತೆ ದೇವರ ಮುಂದೆಯೂ ಮನುಷ್ಯರ ಮುಂದೆಯೂ ನೇರವಾಗಿರಬೇಕು ಎಂಬ ಎಚ್ಚರದಿಂದ. ನಿಮ್ಮ ಸಭೆ ಹತ್ತೇ ಮನೆಯದ್ದಾದರೂ ಈ ಮೂರು ಕೆಲಸ ಮಾಡಿ: ಎಣಿಸುವಾಗ ಇಬ್ಬರು ಇರಲಿ, ಬ್ಯಾಂಕ್ ಖಾತೆಗೆ ಎರಡು ಸಹಿ ಇರಲಿ, ತಿಂಗಳಿಗೊಮ್ಮೆ ಜಮಾ–ಖರ್ಚನ್ನು ಗೋಡೆಗೆ ಅಂಟಿಸಿ. ಆಗ ಆರೋಪಕ್ಕೆ ಉತ್ತರ ಗೋಡೆಯೇ ಕೊಡುತ್ತದೆ.

*‘ಗೋವಾದಾಗ ಏನ್ ಮಾಡಿದ್ರಿ?’* ಓದಿದ ಯುವಕರು ಇತಿಹಾಸ ಎತ್ತುತ್ತಾರೆ. ಗೋವಾದಲ್ಲಿ ಪೋರ್ಚುಗೀಸರು 1560ರಲ್ಲಿ ಸ್ಥಾಪಿಸಿದ ಧಾರ್ಮಿಕ ವಿಚಾರಣಾ ನ್ಯಾಯಾಲಯ ನಡುವೆ ಕೆಲವು ವರ್ಷ ಬಿಟ್ಟು 1812ರವರೆಗೆ ಇತ್ತು. ಅದು ಜನರನ್ನು ಹಿಂಸಿಸಿದ್ದು ನಿಜ. 2000ದ ಮಾರ್ಚ್ 12ರಂದು ಪೋಪ್ ಎರಡನೆಯ ಜಾನ್ ಪಾಲ್, ಸತ್ಯದ ಹೆಸರಿನಲ್ಲಿ ಬಲಪ್ರಯೋಗ ಮಾಡಿದ ಪಾಪಗಳಿಗಾಗಿ ದೇವರ ಕ್ಷಮೆಯನ್ನು ಬಹಿರಂಗವಾಗಿ ಬೇಡಿದರು. ನೀವು ಹುಟ್ಟುವ ಮುಂಚಿನ ತಪ್ಪಿಗೆ ನೀವು ಅಪರಾಧಿಯಲ್ಲ. ಆದರೆ ಕಿಟೆಲ್ ಮತ್ತು ಆಸ್ಪತ್ರೆಗಳ ಹೆಮ್ಮೆ ನಮ್ಮದು ಎನ್ನುವುದಾದರೆ ಗೋವಾದ ನಾಚಿಕೆಯೂ ನಮ್ಮದೇ. ಪಿತ್ರಾರ್ಜಿತದಲ್ಲಿ ಹೊಲ ಬೇಕು, ಸಾಲ ಬೇಡ ಎನ್ನಲಾಗದು.

*‘ಮನಿಗೆ ಮಾರಿ, ಊರಿಗೆ ಉಪಕಾರಿ.’* ಹೆಂಡತಿ, ಮಕ್ಕಳು, ವಯಸ್ಸಾದ ಅವ್ವ ಇವರ ಮುಖ ನೋಡಿ ಊರು ಈ ಮಾತು ಹೇಳುತ್ತದೆ. ಇದಕ್ಕೆ ಹೊರಗೆ ಉತ್ತರವಿಲ್ಲ. ಒಳಗೆ ಹೋಗಿ ಕೇಳಿ: “ನಾನು ಪ್ರಾರ್ಥನಿ ಮಾಡ್ತೀನಿ ಅಂದಾಗ ನಿನಗ ಏನ್ ಅನಿಸ್ತೈತಿ?” ಅವರು ಹೆದರದೆ ಹೇಳುವಂತೆ ಕೇಳಿ. ಈ ಪ್ರಶ್ನೆ ಕೇಳುವ ಧೈರ್ಯ ಬರುವವರೆಗೆ ಊರಿನ ಪ್ರಶ್ನೆಗೆ ಉತ್ತರಿಸುವ ಅವಸರ ಬೇಡ.

ಆರೋಪ ಸುಳ್ಳಾಗಿದ್ದರೆ

ಎಲ್ಲ ಆರೋಪವೂ ನಿಜವಲ್ಲ. ‘ವಿದೇಶದಿಂದ ತಲಿಗೆ ಇಷ್ಟು ಅಂತ ರೊಕ್ಕ ಬರ್ತೈತಿ’ ಎಂಬಂಥ ಮಾತು ನಿಮ್ಮ ವಿಷಯದಲ್ಲಿ ಸುಳ್ಳಾಗಿದ್ದರೆ, ಸುಳ್ಳು ಎಂದು ಒಮ್ಮೆ ಸಮಾಧಾನದಿಂದ ಹೇಳಿ, ತೋರಿಸಲು ಲೆಕ್ಕವಿದ್ದರೆ ತೋರಿಸಿ. ಮಾಡದ ತಪ್ಪನ್ನು ವಿನಯದ ಹೆಸರಿನಲ್ಲಿ ಒಪ್ಪುವುದೂ ಸುಳ್ಳೇ. ಆಮೇಲೆ ಬಿಟ್ಟುಬಿಡಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಿಂದೆ ಬಿದ್ದು ಉತ್ತರಿಸುತ್ತ ಹೋದರೆ ರಾತ್ರಿ ಕಳೆಯುತ್ತದೆ, ಸ್ನೇಹ ಉಳಿಯುವುದಿಲ್ಲ. ಮಾತು ಬೆದರಿಕೆಗೆ ತಿರುಗಿ ಜನ ಸೇರತೊಡಗಿದರೆ ಅಲ್ಲಿಂದ ಹೊರಡಿ, ಅಗತ್ಯವಿದ್ದರೆ 112ಕ್ಕೆ ಕರೆ ಮಾಡಿ.

ಇನ್ನೊಂದು ಬಗೆಯ ಆರೋಪವನ್ನು ಮಾತ್ರ ಎಂದೂ ಒಳಗೊಳಗೆ ಮುಗಿಸಬೇಡಿ. ಸಭೆಯಲ್ಲಿ ಯಾರೇ ಮಗುವಿನ ಮೇಲೆ ಕೈಮಾಡಿದ ದೂರು ಬಂದರೆ, ಆ ವ್ಯಕ್ತಿ ಎಷ್ಟೇ ದೊಡ್ಡ ಬೋಧಕನಾಗಿರಲಿ, ಅದು ಕ್ಷಮೆ–ರಾಜಿಯ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098. ಸಭೆಯ ಮರ್ಯಾದೆ ಉಳಿಸಲು ಮುಚ್ಚಿಟ್ಟರೆ ಸುಣ್ಣ ಬಳಿದ ಗೋರಿ ಎಂದರೆ ಅದೇ.

ಕಾನೂನಿನ ಗೆರೆ

ಸಂವಿಧಾನದ 25ನೆಯ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಆದರೆ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರಚಾರದ ಹಕ್ಕು ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಎಂದಿತು. ಕರ್ನಾಟಕದಲ್ಲಿ 2022ರಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಲವಂತ, ವಂಚನೆ, ಆಮಿಷದ ಮತಾಂತರವನ್ನು ಅಪರಾಧ ಮಾಡಿತು. ಹಣ, ನೌಕರಿ, ಉಚಿತ ಶಿಕ್ಷಣದ ಆಸೆ ತೋರಿಸುವುದಷ್ಟೇ ಅಲ್ಲ, ಒಂದು ಧರ್ಮವನ್ನು ಇನ್ನೊಂದರ ಎದುರು ಹೀನವಾಗಿ ಚಿತ್ರಿಸುವುದೂ ಅದರ ಪ್ರಕಾರ ಆಮಿಷದೊಳಗೆ ಬರುತ್ತದೆ. ಇದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ತೀರ್ಮಾನಿಸಿತು. ಸಾರ್ವಜನಿಕ ಕೂಟ ಏರ್ಪಡಿಸುವವರು ಇಂದಿನ ಸ್ಥಿತಿಯನ್ನು ವಕೀಲರಲ್ಲಿ ಕೇಳಿ ಮುಂದುವರಿಯಿರಿ.

ಕಾನೂನು ಇರಲಿ, ಬಿಡಲಿ, ಆಮಿಷ ನಂಬಿಕೆಯನ್ನೇ ಕೆಡಿಸುತ್ತದೆ. 1841ರಲ್ಲಿ ಬಾಸೆಲ್ ಮಿಷನ್ ಗದಗ ಬಳಿಯ ಮಲ್ಲಸಮುದ್ರದಲ್ಲಿ ನಂಬಿಕೆಗೆ ಬರುವವರಿಗೆಂದು ದೊಡ್ಡ ನಿರೀಕ್ಷೆಯಿಂದ ಕೃಷಿ ನೆಲೆಯೊಂದನ್ನು ಕಟ್ಟಿತು. ಅದು ನಿರೀಕ್ಷಿಸಿದ ಫಲ ಕೊಡಲಿಲ್ಲ, ಮಿಷನ್ ಅದನ್ನು ಕೈಬಿಡಬೇಕಾಯಿತು. ಹೊಲವೂ ದೇವರೂ ಒಂದೇ ಕರಾರಿನಲ್ಲಿ ಸೇರಿದರೆ ಯಾರು ಯಾವುದಕ್ಕಾಗಿ ಬಂದರು ಎಂದು ಬಂದವರಿಗೂ ತಿಳಿಯದು. ಸಹಾಯ ಮಾಡಿ, ಖಂಡಿತ ಮಾಡಿ. ಆದರೆ ಆರಾಧನೆಗೆ ಎಂದೂ ಬರದವರಿಗೂ ಅಷ್ಟೇ ಮಾಡಿ.

ನೆನಪಿನಲ್ಲಿಡಲು

- ಸಾಕ್ಷಿ ಹೇಳುವ ಮೊದಲು ಊರಿನಲ್ಲಿ ನಿಮ್ಮ ಬಾಕಿಗಳ ಪಟ್ಟಿ ಮಾಡಿ: ಉದ್ರಿ, ಕೈಗಡ, ಕೂಲಿ, ಕೊಟ್ಟ ಮಾತು.
- ದಾಳಿಂಬೆ ತೋಟವಿರಲಿ, ಮನೆ ಕೆಲಸವಿರಲಿ, ಬಟವಾಡೆ ತಪ್ಪಿಸಬೇಡಿ. ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆ ಎಂಬುದು ಯಾಕೋಬನ ಪತ್ರದ ಎಚ್ಚರಿಕೆ.
- ಗುಳೆ ಹೋದ ಊರಿನಲ್ಲೂ ನೀವು ಅದೇ ಮನುಷ್ಯರಾಗಿರಿ. ಬೆಂಗಳೂರಿನ ನಡತೆ ತಾವರಗೇರಾಕ್ಕೆ ತಲುಪಲು ಒಂದು ಫೋನ್ ಸಾಕು.
- ನಿಮ್ಮ ಸಾಕ್ಷಿಯಲ್ಲಿ ‘ಆಗ ನಾನು ಪಾಪಿ, ಈಗ ಸರಿಹೋದೆ’ ಎಂದು ಮುಗಿಸಬೇಡಿ. ಇನ್ನೂ ಎಲ್ಲಿ ಎಡವುತ್ತೀರಿ ಎಂಬುದನ್ನೂ ಹೇಳಿ.
- ನಿಮ್ಮ ನಡತೆಯನ್ನು ಮುಖಕ್ಕೆ ಹೇಳುವ ಒಬ್ಬ ಸ್ನೇಹಿತರನ್ನು ಸಭೆಯ ಹೊರಗೂ ಇಟ್ಟುಕೊಳ್ಳಿ.
- ಉತ್ತರ ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಕೇಳಿ ಬರ್ತೀನಿ’ ಎನ್ನಿ. ಕೇಳಿ ಬನ್ನಿ.

ಮತ್ತೆ ಆ ಕಿರಾಣಿ ಅಂಗಡಿಗೆ ಹೋಗೋಣ. ಹುಡುಗ ಏನು ಮಾಡಬೇಕು? ಬೈಬಲನ್ನು ಚೀಲದಲ್ಲಿಡಲಿ. “ಹೌದು ಕಾಕಾ, ಬಾಕಿ ಐತಿ” ಎನ್ನಲಿ. ಎಷ್ಟು ಎಂದು ಕೇಳಿ ಬರೆದುಕೊಳ್ಳಲಿ. ಕಿಸೆಯಲ್ಲಿದ್ದಷ್ಟು ಕೊಟ್ಟು, ಉಳಿದದ್ದಕ್ಕೆ ದಿನ ಹೇಳಿ ಹೋಗಲಿ. ಆ ಭಾನುವಾರ ಅವನು ಯೇಸುವಿನ ಬಗ್ಗೆ ಒಂದು ಮಾತನ್ನೂ ಮುಗಿಸಲಿಲ್ಲ ಎಂದು ಕೊರಗುವುದು ಬೇಡ. ಹೇಳಿದ ದಿನಕ್ಕೆ ಅವನು ಬಂದು ಕೊನೆಯ ಕಂತು ಕೊಟ್ಟಾಗ ಕಾಕಾ ಪೆನ್ನು ತೆಗೆದು ಆ ಪುಟದ ಮೇಲೆ ಅಡ್ಡಗೆರೆ ಎಳೆಯುತ್ತಾರೆ. ಸಾಲ ತೀರಿಸಲು ಬಂದ ದೇವರ ಬಗ್ಗೆ ಮಾತಾಡುವವರು ಮೊದಲು ಎಳೆಸಬೇಕಾದ ಗೆರೆ ಅದು. ಅದಾದ ಮೇಲೆ ಕಾಕಾ ಸ್ಟೂಲ್ ಸರಿಸಿ “ಕೂಡು ತಮ್ಮಾ, ಅವತ್ತ ಏನೋ ಹೇಳಾಕ ಬಂದಿದ್ದೆಲ್ಲ?” ಎಂದರೆ, ಆಗ ಹೇಳಲಿ.